ಬೆಳ್ಳಗಿರುವುದೆಲ್ಲ ಹಾಲಲ್ಲ

ಮಾಗಡಿ ತಾಲ್ಲೂಕಿನ ನಮ್ಮೂರಿನಲ್ಲಿ ಬೆಳಗಾಗುವುದು ಡೇರಿಯ ಮುಂದೆ. ಕ್ಯಾನು, ಚೊಂಬು ಹಿಡಿದವರು ಸಾಲಾಗಿ ನಿಂತು, ಹಾಲು ಅಳೆಸಿ, ಫ್ಯಾಟು ನೋಡಿಸಿ, ಚೀಟಿ ಪಡೆದು ಮನೆಗೆ ಹೋಗುತ್ತಾರೆ. ನಮ್ಮ ಮನೆಯ ಎರಡು ಸೀಮೆಹಸುಗಳ ಹಾಲೂ ಅಲ್ಲಿಗೇ ಹೋಗುತ್ತದೆ. ನನ್ನ ಕಾಲೇಜು ಫೀಸು, ಅಕ್ಕನ ಮದುವೆಯ ಸಾಲ, ಎಲ್ಲಕ್ಕೂ ಆ ಹಾಲಿನ ದುಡ್ಡೇ ಆಧಾರವಾಗಿತ್ತು. ಅಕ್ಕ ಬಾಣಂತನಕ್ಕೆ ಬಂದಿದ್ದ ವರ್ಷ ಮಾತ್ರ ಅದೇ ಮನೆಯಲ್ಲಿ ಹಾಲು ಎಂಬ ಮಾತೇ ಭಯ ಹುಟ್ಟಿಸುವಂತಾಯಿತು.

ಮಗುವಿಗೆ ಆಗ ಮೂರು ತಿಂಗಳು. ಎದೆಹಾಲು ಸಾಲುತ್ತಿಲ್ಲವೆಂದು ನಮ್ಮಜ್ಜಿ ಹಸುವಿನ ಹಾಲಿಗೆ ನೀರು ಬೆರೆಸಿ, ಕಾಯಿಸಿ, ಒಳಲೆಯಲ್ಲಿ ಕುಡಿಸಲು ಶುರುಮಾಡಿದ್ದರು. ವಾರ ಕಳೆಯುವಷ್ಟರಲ್ಲಿ ಮಗುವಿನ ಕೆನ್ನೆ, ಕುತ್ತಿಗೆಯ ಮೇಲೆಲ್ಲ ಗಂಧೆ ಎದ್ದಿತು. ಕುಡಿದದ್ದೆಲ್ಲ ವಾಂತಿಯಾಗುತ್ತಿತ್ತು. ಒಂದು ದಿನ ಮಲದಲ್ಲಿ ರಕ್ತದ ಎಳೆ ಕಂಡಿತು. ಮೊದಲು ತೋರಿಸಿದ ಕಡೆ ಹಾಲಿನ ಸಕ್ಕರೆ ಜೀರ್ಣವಾಗುತ್ತಿಲ್ಲ ಎಂದು ಔಷಧ ಕೊಟ್ಟರು. ಕಡಿಮೆಯಾಗಲಿಲ್ಲ. ಕೊನೆಗೆ ರಾಮನಗರದಲ್ಲಿ ತೋರಿಸಿದ ಮಕ್ಕಳ ವೈದ್ಯೆ, ಇದು ಸಕ್ಕರೆಯ ತೊಂದರೆಯಲ್ಲ, ಹಾಲಿನ ಪ್ರೋಟೀನಿನ ಅಲರ್ಜಿ ಎಂದರು.

ಮನೆಯಲ್ಲಿ ಯಾರೂ ನಂಬಲಿಲ್ಲ. "ಹಾಲು ಆಗ್ದೇ ಇರೋ ಮಗ ಎಲ್ಲಾದ್ರೂ ಉಂಟಾ? ದೃಷ್ಟಿ ಆಗೈತೆ, ಮೆಣಸಿನಕಾಯಿ ಇಳಿ ತೆಗೀರಿ" ಎಂದರು ಅಜ್ಜಿ. ಕನಕಪುರದ ಕಡೆಯಿಂದ ಅಕ್ಕನ ಅತ್ತೆ ಫೋನು ಮಾಡಿ, "ಸೀಮೆಹಸೀಂದೇ ಮಗೀಗೆ ಆಗ್ತಿಲ್ಲ, ನಾಟಿ ಹಸೀನ ಹಾಲು ಕಳಿಸ್ತೀನಿ" ಎಂದರು. ಪಕ್ಕದ ಮನೆಯವರು ಮೇಕೆಹಾಲು ಎಂದರು. ಇನ್ನೊಬ್ಬರು ಕತ್ತೆಹಾಲಿಗಾಗಿ ಯಾರಿಗೋ ಹೇಳಿಯೂ ಕಳಿಸಿದ್ದರು. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಾಡಿನಲ್ಲಿ ಹಸುವಿನ ಹಾಲೇ ಮಗುವಿಗೆ ಕೇಡು ಮಾಡೀತು ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಹಳೇ ಮೈಸೂರಿನ ಆಹಾರದ ಚರಿತ್ರೆಯ ಮೇಲೆ ಸಂಶೋಧನೆ ಮಾಡುತ್ತಿರುವ ನಾನು ಆ ದಿನಗಳಲ್ಲಿ ನನ್ನ ಅಧ್ಯಾಯಗಳನ್ನು ಬದಿಗಿಟ್ಟು ಒಂದೇ ಪ್ರಶ್ನೆಯ ಹಿಂದೆ ಬಿದ್ದೆ. ತಾಯಿಯ ಹಾಲು ಸಾಲದಿದ್ದಾಗ, ಹಸುವಿನ ಹಾಲು ಆಗದಿದ್ದಾಗ, ನಮ್ಮ ಹಿಂದಿನವರು ಮಗುವಿಗೆ ಏನು ಕುಡಿಸಿದರು? ಮನೆಯಲ್ಲಿ ಕೇಳಿಬಂದ ಪ್ರತಿಯೊಂದು ಸಲಹೆಯ ಹಿಂದೆಯೂ ಒಂದು ಚರಿತ್ರೆ ಇರುವುದು ನಿಧಾನವಾಗಿ ತಿಳಿಯುತ್ತ ಹೋಯಿತು.

ಚರಕಸಂಹಿತೆ ಎಂಟು ಹಾಲುಗಳನ್ನು ಎಣಿಸುತ್ತದೆ: ಕುರಿ, ಮೇಕೆ, ಹಸು, ಎಮ್ಮೆ, ಒಂಟೆ, ಆನೆ, ಕುದುರೆ ಮತ್ತು ಹೆಣ್ಣಿನ ಹಾಲು. ಮಗುವಿನ ಮಟ್ಟಿಗೆ ಮೊದಲ ಸ್ಥಾನ ತಾಯಿಯದು, ಅವಳಿಗೆ ಆಗದಿದ್ದರೆ ಧಾತ್ರಿಯದು, ಅಂದರೆ ಹಾಲೂಡುವ ದಾದಿಯದು. ದಾದಿಯನ್ನು ಹೇಗೆ ಆರಿಸಬೇಕು, ಅವಳ ಹಾಲನ್ನು ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ ಚರಕ, ಸುಶ್ರುತ ಇಬ್ಬರಲ್ಲೂ ವಿವರಗಳಿವೆ. ವಾಗ್ಭಟನು ತಾಯಿಹಾಲು ಇಲ್ಲದಾಗ ಮೇಕೆಯ ಹಾಲನ್ನೋ ಹಸುವಿನ ಹಾಲನ್ನೋ ಬೇರುಗಳಿಂದ ಸಂಸ್ಕರಿಸಿ ಕೊಡಬಹುದು ಎನ್ನುತ್ತಾನೆ. ಹಾಲು ಕೆಡುತ್ತದೆ, ಕೆಟ್ಟ ಹಾಲು ಮಗುವನ್ನು ಕೆಡಿಸುತ್ತದೆ ಎಂಬ ಅರಿವು ಅವರಿಗಿತ್ತು. ಆದರೆ ಒಳ್ಳೆಯ ಹಾಲೇ ಒಂದು ಮಗುವಿನ ಮೈಗೆ ಒಗ್ಗದೆ ಹೋಗಬಹುದು ಎಂಬುದು ಬೇರೆಯೇ ವಿಚಾರ. ಕಾರಣ ತಿಳಿಯದೆ ವಾಂತಿ ಮಾಡುತ್ತ ಬಡವಾಗುವ ಶಿಶುಗಳ ಲಕ್ಷಣಗಳನ್ನು ಸುಶ್ರುತ ಒಂಬತ್ತು ಬಾಲಗ್ರಹಗಳ ಕೆಳಗೆ ವಿವರಿಸುತ್ತಾನೆ. ಆ ಒಂಬತ್ತರಲ್ಲಿ ಒಂದರ ಹೆಸರು ಪೂತನಾ. ಹಾಲೂಡುವ ನೆಪದಲ್ಲಿ ವಿಷವೂಡಲು ಬಂದವಳ ಹೆಸರು. ಅಜ್ಜಿಯ ಮೆಣಸಿನಕಾಯಿಯ ಇಳಿ ನನಗೆ ಆಮೇಲೆ ಅಷ್ಟು ಹಾಸ್ಯಾಸ್ಪದವೆನ್ನಿಸಲಿಲ್ಲ. ಕಾರಣ ಗೊತ್ತಿಲ್ಲದ ಕಾಲದಲ್ಲಿ ಕಾಯಿಲೆಗೆ ಒಂದು ಹೆಸರಾದರೂ ಬೇಕಿತ್ತು.

ಕತ್ತೆಹಾಲಿನ ಮಾತನ್ನೂ ಹಾಗೆಯೇ ತಳ್ಳಿಹಾಕಲಾಗದು. ಕತ್ತೆಯನ್ನು ಹೊಡೆದುಕೊಂಡು ಬೀದಿಬೀದಿ ಸುತ್ತಿ, ಕೇಳಿದವರ ಮನೆ ಮುಂದೆಯೇ ಕರೆದು, ಮಗುವಿಗೊಂದು ಒಳಲೆ ಹಾಲು ಮಾರುವವರನ್ನು ನಮ್ಮ ಊರುಗಳಲ್ಲಿ ನಾನೇ ಕಂಡಿದ್ದೇನೆ. ಇದು ನಮ್ಮಲ್ಲಿ ಮಾತ್ರ ಇದ್ದ ರೂಢಿಯಲ್ಲ. 1881ರ ಸುಮಾರಿಗೆ ಪ್ಯಾರಿಸ್ಸಿನ ಅನಾಥ ಶಿಶುಗಳ ಆಸ್ಪತ್ರೆಯಲ್ಲಿ ಪಾರೋ ಎಂಬ ವೈದ್ಯ, ದಾದಿಯರು ಮುಟ್ಟಲು ಹೆದರುತ್ತಿದ್ದ ಸಿಫಿಲಿಸ್ ಪೀಡಿತ ಶಿಶುಗಳನ್ನು ನೇರವಾಗಿ ಕತ್ತೆಯ ಕೆಚ್ಚಲಿಗೇ ಹಿಡಿಸಿ ಹಾಲುಣಿಸಿದ. ಕತ್ತೆಯ ಹಾಲಿನ ಪ್ರೋಟೀನು ಹಸುವಿನದಕ್ಕಿಂತ ಮನುಷ್ಯರ ಹಾಲಿಗೆ ಹತ್ತಿರ ಎಂಬುದನ್ನು ಇಂದಿನ ಪ್ರಯೋಗಶಾಲೆಗಳೂ ಒಪ್ಪುತ್ತವೆ. ಹಸುವಿನ ಹಾಲು ಒಗ್ಗದ ಮಕ್ಕಳಲ್ಲಿ ಹಲವರು ಅದನ್ನು ತಡೆದುಕೊಂಡದ್ದನ್ನು ಇಟಲಿಯ ವೈದ್ಯರು ದಾಖಲಿಸಿದ್ದಾರೆ. ಆದರೆ ಅದರಲ್ಲಿ ಕೊಬ್ಬು ತೀರ ಕಡಿಮೆ. ಅದನ್ನೇ ನೆಚ್ಚಿದ ಶಿಶು ಬೆಳೆಯದು. ಬೀದಿಯಲ್ಲಿ ಕಾಯಿಸದೆ ಕುಡಿಸುವ ಹಸಿ ಹಾಲಿನಿಂದ ಸೋಂಕಿನ ಭಯ ಬೇರೆ. ಈಗ ಕತ್ತೆಗಳೇ ಇಲ್ಲವಾಗುತ್ತಿವೆ. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಕತ್ತೆಗಳು ಸುಮಾರು 1.2 ಲಕ್ಷ. 2012ಕ್ಕೆ ಹೋಲಿಸಿದರೆ ಶೇ. 61ರಷ್ಟು ಕಡಿಮೆ.

ಮೇಕೆಹಾಲಿನ ಕಥೆಯಲ್ಲಿ ನಿರಾಸೆ ಇನ್ನೂ ಹೆಚ್ಚು. ಮೇಕೆಯದೂ ಎಮ್ಮೆಯದೂ ಬೇರೆ ಹಾಲೆಂದು ನಮಗನ್ನಿಸುತ್ತದೆ. ರುಚಿ ಬೇರೆ, ವಾಸನೆ ಬೇರೆ, ಕೆನೆ ಬೇರೆ. ಆದರೆ ಮಗುವಿನ ರೋಗನಿರೋಧಕ ವ್ಯವಸ್ಥೆ ನೋಡುವುದು ಪ್ರೋಟೀನಿನ ಆಕಾರವನ್ನು. ಹಸು, ಎಮ್ಮೆ, ಮೇಕೆ, ಕುರಿಗಳ ಹಾಲಿನ ಪ್ರೋಟೀನುಗಳು ಒಂದೇ ಮನೆತನದವು. ಹಸುವಿನದಕ್ಕೆ ಅಲರ್ಜಿ ಇರುವ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಮೇಕೆಯದೂ ಆಗುವುದಿಲ್ಲ. ಬರೀ ಮೇಕೆಹಾಲಿನ ಮೇಲೆ ಬೆಳೆದ ಶಿಶುಗಳಿಗೆ ರಕ್ತಹೀನತೆ ಬರುವುದನ್ನು ಜರ್ಮನಿಯ ವೈದ್ಯರು 1920ರ ದಶಕದ ಹೊತ್ತಿಗೇ ಗುರುತಿಸಿದ್ದರು. ಆ ಹಾಲಿನಲ್ಲಿ ಫೋಲೇಟ್ ಅಂಶ ಕಡಿಮೆ ಎಂಬುದು ಆಮೇಲೆ ಗೊತ್ತಾಯಿತು.

ಅಕ್ಕನ ಅತ್ತೆಯ ನಾಟಿಹಸುವಿನ ವಾದಕ್ಕೂ ಒಂದು ಚರಿತ್ರೆ ಉಂಟು. ಈ ಸೀಮೆಯ ಮೂಲ ತಳಿ ಹಳ್ಳಿಕಾರ್. ಉಳುವುದಕ್ಕೆ, ಗಾಡಿಗೆ ಹೆಸರಾದ ತಳಿ ಅದು. ಕರು ಕುಡಿದು ಉಳಿದ ಲೀಟರೋ ಎರಡು ಲೀಟರೋ ಮನೆಗೆ. 1965ರಲ್ಲಿ ಯುನಿಸೆಫ್ ನೆರವಿನ ಬೆಂಗಳೂರು ಡೇರಿ ಶುರುವಾಯಿತು. 1974ರಲ್ಲಿ ವಿಶ್ವಬ್ಯಾಂಕಿನ ಸಾಲದೊಂದಿಗೆ, ಆನಂದ್ ಮಾದರಿಯಲ್ಲಿ ಹಳ್ಳಿಹಳ್ಳಿಗೂ ಹಾಲು ಉತ್ಪಾದಕರ ಸಹಕಾರ ಸಂಘ ಕಟ್ಟುವ ಯೋಜನೆ ಬಂತು. 1983ರಲ್ಲಿ ನಂದಿನಿ ಎಂಬ ಹೆಸರು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ. ಇದರ ಜೊತೆಜೊತೆಗೇ ಜೆರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳು, ನಮ್ಮವರ ಬಾಯಲ್ಲಿ ಸೀಮೆಹಸುಗಳು, ಕೊಟ್ಟಿಗೆ ತುಂಬಿದವು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಆಗ ಬೆಂಗಳೂರು ಜಿಲ್ಲೆಯ ತಾಲ್ಲೂಕುಗಳು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಸರ್ಕಾರ ಅದನ್ನೇ ಬೆಂಗಳೂರು ದಕ್ಷಿಣ ಎಂದು ಕರೆಯಿತು. ಹೆಸರು ಎಷ್ಟು ಸಲ ಬದಲಾದರೂ ನಮ್ಮ ಹಾಲು ಹೋಗುವ ದಿಕ್ಕು ಬದಲಾಗಲಿಲ್ಲ. ಅದು ಬೆಂಗಳೂರು ಹಾಲು ಒಕ್ಕೂಟಕ್ಕೇ ಹೋಗುತ್ತದೆ. ರೇಷ್ಮೆಯ ಜೊತೆಗೆ ಈ ಸೀಮೆಯ ಬದುಕು ನಿಂತಿರುವುದೇ ಹಾಲಿನ ಮೇಲೆ.

ಹೀಗೆ ಒಂದೆರಡು ತಲೆಮಾರಿನೊಳಗೆ ಹಸು ಬದಲಾದದ್ದರಿಂದ, ಹೊಸ ಕಾಯಿಲೆಯೆಲ್ಲ ಸೀಮೆಹಸುವಿನಿಂದ ಬಂತು ಎಂಬ ಗುಮಾನಿ ಹುಟ್ಟಿದ್ದು ಸಹಜ. ಈಗ ಅದಕ್ಕೆ ಎ1, ಎ2 ಎಂಬ ವೈಜ್ಞಾನಿಕ ವೇಷವೂ ಸಿಕ್ಕಿದೆ. ಬೀಟಾ ಕೇಸಿನ್ ಎಂಬುದು 209 ಅಮೈನೋ ಆಮ್ಲಗಳ ಸರಪಳಿ. ಎ1ಗೂ ಎ2ಗೂ ಇರುವ ವ್ಯತ್ಯಾಸ ಆ ಸರಪಳಿಯ 67ನೇ ಕೊಂಡಿಯಲ್ಲಿ ಮಾತ್ರ. ಉಳಿದ 208 ಕೊಂಡಿಗಳು ಒಂದೇ. ಹಾಲಿನಲ್ಲಿ ಅಲರ್ಜಿ ತರುವುದು ಬೀಟಾ ಕೇಸಿನ್ ಒಂದೇ ಅಲ್ಲ, ಬೇರೆ ಕೇಸಿನ್‌ಗಳಿವೆ, ತಾಯಿಹಾಲಿನಲ್ಲಿ ಇಲ್ಲವೇ ಇಲ್ಲದ ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಇದೆ. ನಾಟಿಹಸುವಿನ ಹಾಲಿನಲ್ಲೂ ಅವೆಲ್ಲ ಇವೆ. ಇದನ್ನು ಅತ್ತೆಗೆ ಫೋನಿನಲ್ಲಿ ಹೇಗೆ ಹೇಳುವುದೋ ತಿಳಿಯದೆ, "ಅತ್ತೆ, ನಾಟಿಯಾದ್ರೂ ಅದು ಹಸೂನೇ ಅಲ್ವಾ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನು ಇಟ್ಟರು.

ಸಕ್ಕರೆಯ ತೊಂದರೆ ಎಂದು ಮೊದಲು ಹೇಳಿದ್ದನ್ನೂ ಇಲ್ಲೇ ಬಿಡಿಸಿಕೊಳ್ಳಬೇಕು, ಏಕೆಂದರೆ ಈ ಎರಡರ ಗೊಂದಲ ಬಹಳ ಮನೆಗಳಲ್ಲಿದೆ. ಹಾಲಿನ ಸಕ್ಕರೆ ಲ್ಯಾಕ್ಟೋಸ್. ಅದು ಹಸುವಿನ ಹಾಲಿಗಿಂತ ತಾಯಿಯ ಹಾಲಿನಲ್ಲೇ ಹೆಚ್ಚು, 100 ಮಿ.ಲೀ.ನಲ್ಲಿ ಸುಮಾರು 7 ಗ್ರಾಂ, ಹಸುವಿನದರಲ್ಲಿ 5 ಗ್ರಾಂಗಿಂತ ತುಸು ಕಡಿಮೆ. ನಮ್ಮ ಮಗು ತಾಯಿಹಾಲು ಕುಡಿದಾಗ ನೆಮ್ಮದಿಯಾಗಿದ್ದು, ಹಸುವಿನ ಹಾಲು ಕುಡಿದಾಗ ನರಳುತ್ತಿದ್ದುದೇ ತೊಂದರೆ ಸಕ್ಕರೆಯದಲ್ಲ ಎಂಬುದರ ಸೂಚನೆಯಾಗಿತ್ತು. ಪ್ರೋಟೀನಿನ ಲೆಕ್ಕ ತಿರುಗುಮುರುಗು: ತಾಯಿಹಾಲಿನಲ್ಲಿ 1 ಗ್ರಾಂ ಆಸುಪಾಸು, ಹಸುವಿನಲ್ಲಿ 3ಕ್ಕಿಂತ ಹೆಚ್ಚು, ಎಮ್ಮೆಯಲ್ಲಿ ಇನ್ನೂ ಹೆಚ್ಚು. ಕರು ಬೇಗ ಬೆಳೆಯಬೇಕು, ಮನುಷ್ಯನ ಕೂಸು ನಿಧಾನಕ್ಕೆ ಬೆಳೆಯಬೇಕು.

ಅಲರ್ಜಿ ಎಂಬ ಪದ ಹುಟ್ಟಿದ್ದೇ 1906ರಲ್ಲಿ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅದನ್ನು ಕಟ್ಟಿದ. ಅದಕ್ಕೂ ಮೊದಲೇ ಯುರೋಪಿನಲ್ಲಿ ಮಕ್ಕಳ ಆಹಾರ ಕಾರ್ಖಾನೆಗೆ ಹೋಗಿತ್ತು. 1865ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಹಸುವಿನ ಹಾಲು, ಗೋಧಿ ಹಿಟ್ಟು, ಮಾಲ್ಟ್ ಸೇರಿಸಿ ಶಿಶು ಆಹಾರದ ಸೂತ್ರ ಬರೆದ. 1867ರಲ್ಲಿ ಸ್ವಿಟ್ಜರ್ಲೆಂಡಿನ ವೆವೆಯಲ್ಲಿ ಹೆನ್ರಿ ನೆಸ್ಲೆ ಹಾಲುಹಿಟ್ಟಿನ ಮಾರಾಟ ಶುರುಮಾಡಿದ. ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಭಾರತದ ಪತ್ರಿಕೆಗಳನ್ನು ತಿರುವಿದರೆ ಮೆಲಿನ್ಸ್ ಫುಡ್, ಗ್ಲ್ಯಾಕ್ಸೋ ಡಬ್ಬಿಗಳ ಪಕ್ಕದಲ್ಲಿ ದುಂಡುದುಂಡಾದ ಬಿಳಿಯ ಮಕ್ಕಳು ನಗುತ್ತಿರುತ್ತಾರೆ. ಹಾಲು ಎಂಬುದು ಕೊಟ್ಟಿಗೆಯಿಂದ ಡಬ್ಬಿಗೆ ಬಂದದ್ದು ಹೀಗೆ.

ಹಸುವಿನ ಹಾಲು ಒಗ್ಗದ ಮಕ್ಕಳಿಗೆ ದಾರಿ ಕಂಡದ್ದು ಸಸ್ಯದಲ್ಲಿ. 1909ರಲ್ಲಿ ಬಾಲ್ಟಿಮೋರಿನ ಜಾನ್ ರೂರಾ ಶಿಶುಗಳಿಗೆ ಸೋಯಾ ಕೊಟ್ಟು ನೋಡಿದ. 1929ರಲ್ಲಿ ಹಿಲ್ ಮತ್ತು ಸ್ಟುವರ್ಟ್ ಎಂಬ ವೈದ್ಯರು ಹಾಲಿನ ಅಲರ್ಜಿ ಇರುವ ಮಕ್ಕಳಿಗಾಗಿಯೇ ಸೋಯಾ ಆಹಾರವನ್ನು ವಿವರಿಸಿದರು. 1942ರಲ್ಲಿ ಅಮೆರಿಕದಲ್ಲಿ ನ್ಯೂಟ್ರಾಮಿಜೆನ್ ಬಂತು. ಅದರ ಉಪಾಯ ಬೇರೆ. ಹಸುವಿನ ಹಾಲಿನ ಕೇಸಿನ್ನನ್ನೇ ಕಿಣ್ವಗಳಿಂದ ಚೂರುಚೂರು ಮಾಡುವುದು, ಮೈ ಗುರುತು ಹಿಡಿಯಲಾಗದಷ್ಟು ಸಣ್ಣಗೆ ಮಾಡುವುದು. ಪ್ರೋಟೀನು ಒಡೆದಾಗ ರುಚಿ ಕಹಿಯಾಗುತ್ತದೆ. ಇವತ್ತಿಗೂ ಆ ಡಬ್ಬಿಗಳ ವಾಸನೆಗೆ ದೊಡ್ಡವರು ಮುಖ ಸಿಂಡರಿಸುತ್ತಾರೆ.

ಅದೇ ಹೊತ್ತಿಗೆ ನಮ್ಮ ಪಕ್ಕದಲ್ಲೇ ಏನು ನಡೆದಿತ್ತು ಎಂಬುದು ನನಗೆ ಹೆಚ್ಚು ಕುತೂಹಲ ಹುಟ್ಟಿಸಿತು. 1940ರ ದಶಕ, ಯುದ್ಧ ಮತ್ತು ಬರದ ಕಾಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು ಸೋಯಾ ಹಾಲು, ಕಡಲೆಕಾಯಿ ಹಾಲುಗಳ ಪೌಷ್ಟಿಕತೆಯನ್ನು ಅಳೆಯುತ್ತಿದ್ದರು. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಸಿ.ಎಫ್.ಟಿ.ಆರ್.ಐ. ಆರಂಭವಾದಾಗ ಅದರ ಮೊದಲ ನಿರ್ದೇಶಕರಾದವರು ಅದೇ ಸುಬ್ರಹ್ಮಣ್ಯನ್. ಎಮ್ಮೆಹಾಲು ಶಿಶುವಿಗೆ ಜೀರ್ಣವಾಗುವಂತೆ ಪುಡಿ ಮಾಡುವ ವಿಧಾನ ಹುಟ್ಟಿದ್ದು ಆ ಸಂಸ್ಥೆಯಲ್ಲೇ. 1960ರಲ್ಲಿ ಅಮುಲ್ ಅದನ್ನು ಬಳಸಿ ಶಿಶು ಆಹಾರ ತಯಾರಿಸತೊಡಗಿದಾಗ ವಿದೇಶಿ ಡಬ್ಬಿಗಳ ಮೇಲಿನ ಅವಲಂಬನೆ ತಗ್ಗಿತು. ಮುಂದೆ ಕಡಲೆಕಾಯಿಯ ಪ್ರೋಟೀನನ್ನು ಹಾಲಿಗೆ ಸೇರಿಸಿ ಮಿಲ್ಟೋನ್ ಎಂಬ ಪಾನೀಯವನ್ನೂ ರೂಪಿಸಿದರು. ಅದು ಬೆಂಗಳೂರು ಡೇರಿಯಲ್ಲಿ ತಯಾರಾಯಿತು.

ಇವೆಲ್ಲ ದೊಡ್ಡ ಸಾಧನೆಗಳೇ. ಆದರೆ ಅಕ್ಕನ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಓದುವಾಗ ಇನ್ನೊಂದು ಸಂಗತಿ ಕಾಣುತ್ತಿತ್ತು. ಆ ವಿಜ್ಞಾನಿಗಳ ಮುಂದಿದ್ದ ಪ್ರಶ್ನೆ ಹಾಲಿನ ಕೊರತೆ. ಇರುವ ಹಾಲನ್ನು ಎಷ್ಟು ಮಕ್ಕಳಿಗೆ ಮುಟ್ಟಿಸಬಹುದು ಎಂಬುದು ಅವರ ಲೆಕ್ಕ. ಹಾಲೇ ಆಗದ ಮಗು ಆ ಲೆಕ್ಕದೊಳಗೆ ಇರಲಿಲ್ಲ. ಎಮ್ಮೆಹಾಲಿನ ಡಬ್ಬಿಯೂ ಅದಕ್ಕೆ ಆಗದು, ಹಾಲು ಬೆರೆತ ಮಿಲ್ಟೋನೂ ಆಗದು. ಹಸಿವೆಯೇ ಮುಂದೆ ನಿಂತಿದ್ದ ದೇಶದಲ್ಲಿ ಅದು ತಪ್ಪೂ ಅಲ್ಲ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದವರೆಗೂ ನಮ್ಮ ಹಾಲಿನ ಚರಿತ್ರೆ ಎಲ್ಲರಿಗೂ ಹಾಲು ಸಿಗಲಿ ಎಂಬ ಹಂಬಲದ ಚರಿತ್ರೆ. ಬೇಡ ಎನ್ನಬೇಕಾದ ಮಗು ಅಲ್ಲಿ ಒಂಟಿ.

ಡಬ್ಬಿಯ ಚರಿತ್ರೆಗೆ ಕರಾಳ ಮುಖವೂ ಇದೆ. 1939ರಲ್ಲಿ ಸಿಂಗಾಪುರದಲ್ಲಿ ವೈದ್ಯೆ ಸಿಸಿಲಿ ವಿಲಿಯಮ್ಸ್, ತಾಯಿಹಾಲು ಬಿಡಿಸಿ ಸಿಹಿ ಡಬ್ಬಿಹಾಲು ಹಿಡಿಸುವ ಪ್ರಚಾರವನ್ನು ಕೊಲೆಯೆಂದೇ ಕರೆದು ಭಾಷಣ ಮಾಡಿದರು. 1977ರಲ್ಲಿ ನೆಸ್ಲೆ ಬಹಿಷ್ಕಾರದ ಚಳವಳಿ, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂಹಿತೆ, 1992ರಲ್ಲಿ ಭಾರತದ ಶಿಶುಹಾಲು ಬದಲಿಗಳ ಕಾಯ್ದೆ, 2003ರಲ್ಲಿ ಅದಕ್ಕೆ ಬಿಗಿಯಾದ ತಿದ್ದುಪಡಿ. ಇವತ್ತು ನಮ್ಮಲ್ಲಿ ಶಿಶುಹಾಲಿನ ಜಾಹೀರಾತು ಕಾಣದಿರುವುದು, ಡಬ್ಬಿಯ ಮೇಲೆ ನಗುವ ಮಗುವಿನ ಚಿತ್ರ ಇಲ್ಲದಿರುವುದು ಆ ಹೋರಾಟದ ಫಲ. ಕಾನೂನು ಸರಿಯಾದದ್ದೇ. ಆದರೂ ವೈದ್ಯರ ಚೀಟಿ ಹಿಡಿದು ಔಷಧ ಅಂಗಡಿಯಲ್ಲಿ ಡಬ್ಬಿ ಕೊಳ್ಳುವಾಗ ಅಕ್ಕ ಅಪರಾಧಿಯಂತೆ ನಿಂತಿದ್ದಳು. ಪಕ್ಕದಲ್ಲಿದ್ದ ಹೆಂಗಸೊಬ್ಬರು, "ಎದೆಹಾಲು ಕೊಡಮ್ಮ" ಎಂದು ಬುದ್ಧಿ ಹೇಳಿದರು. ಅವಳು ಕೊಡುತ್ತಲೇ ಇದ್ದಳು.

ವೈದ್ಯೆ ಹೇಳಿದ ಕ್ರಮ ಸರಳವಾಗಿತ್ತು. ಎದೆಹಾಲನ್ನು ಬಿಡಬಾರದು, ಅದೇ ಮೊದಲ ಹಾಲು. ಆದರೆ ತಾಯಿ ತಿಂದ ಹಾಲಿನ ಪ್ರೋಟೀನಿನ ಅಂಶ ಎದೆಹಾಲಿನಲ್ಲೂ ಇಳಿಯಬಹುದಾದ್ದರಿಂದ, ಕೆಲವು ವಾರ ಅಕ್ಕ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಲ್ಲ ಬಿಡಬೇಕು. ಸಾಲದ ಪಾಲಿಗೆ ಪ್ರೋಟೀನು ಚೂರುಮಾಡಿದ ಡಬ್ಬಿ. ಅದೂ ಆಗದ ಮಕ್ಕಳಿಗೆ ಬರೀ ಅಮೈನೋ ಆಮ್ಲಗಳ ಡಬ್ಬಿ ಇದೆ. ಆರು ತಿಂಗಳೊಳಗಿನ ಕೂಸಿಗೆ ಸೋಯಾ ಬೇಡ. ಅಕ್ಕಿ, ಬಾದಾಮಿ, ತೆಂಗಿನಕಾಯಿಯಿಂದ ತೆಗೆದದ್ದನ್ನು ವರ್ಷದೊಳಗಿನ ಮಗುವಿಗೆ ಹಾಲೆಂದು ಕೊಡಲೇಬಾರದು, ಅದರಿಂದ ಮಗು ಬೆಳೆಯದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಷ್ಟು ನೇರವಾಗಿ ಅನ್ವಯಿಸಿದ್ದನ್ನು ನಾನು ಕಂಡಿರಲಿಲ್ಲ. ಮೂರು ವಾರಕ್ಕೆ ಗಂಧೆ ಇಳಿಯಿತು. ವೈದ್ಯೆಯ ಕಣ್ಣೆದುರೇ ತುಸು ಹಾಲು ಕೊಟ್ಟು ನೋಡಿದಾಗ ಮತ್ತೆ ಎದ್ದಿತು. ಸಂಶಯ ಉಳಿಯಲಿಲ್ಲ.

ಲೆಕ್ಕ ಉಳಿಯಿತು. ನಾವು ಕೊಂಡ 400 ಗ್ರಾಮಿನ ಡಬ್ಬಿಗೆ ಎರಡು ಸಾವಿರ ರೂಪಾಯಿಯ ಹತ್ತಿರ. ಪೂರ್ತಿ ಅದರ ಮೇಲೇ ಇರುವ ಮಗುವಿಗೆ ಅದು ನಾಲ್ಕೈದು ದಿನ. ಎದೆಹಾಲಿದ್ದುದರಿಂದ ನಮಗೆ ಹತ್ತು ದಿನ ಬಂತು. ಡೇರಿಯಲ್ಲಿ ನಮ್ಮ ಹಾಲಿಗೆ ಲೀಟರಿಗೆ ಮೂವತ್ತು ಚಿಲ್ಲರೆ ರೂಪಾಯಿ. ಒಂದು ಡಬ್ಬಿಗೆ ಐವತ್ತು ಲೀಟರಿಗೂ ಹೆಚ್ಚು ಹಾಲು ಹಾಕಬೇಕು. ಆ ಡಬ್ಬಿಯಲ್ಲಿರುವುದೂ ಹಸುವಿನ ಹಾಲೇ, ಚೂರುಚೂರಾದದ್ದು. ಅಪ್ಪ ಡಬ್ಬಿಯ ಹಿಂದಿನ ಅಕ್ಷರಗಳನ್ನು ನನ್ನಿಂದ ಓದಿಸಿ ಕೇಳಿ, "ನಮ್ಮ ಹಾಲು ಮಾರಿ ಯಾರ್ದೋ ಹಾಲು ಕೊಂಡಂಗಾಯ್ತಲ್ಲ" ಎಂದರು. ಹಸುವೂ ಇಲ್ಲದ, ಕೂಲಿಯ ಮನೆಯಲ್ಲಿ ಇಂಥ ಮಗು ಹುಟ್ಟಿದರೆ ಏನು ಮಾಡುತ್ತಾರೆ ಎಂದು ಆಮೇಲೆ ಅವರೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಎಲ್ಲಕ್ಕಿಂತ ಕಷ್ಟಪಟ್ಟವಳು ಅಕ್ಕ. ಬಾಣಂತಿಯ ಊಟವೆಂದರೆ ತುಪ್ಪ. ಅದೇ ಇಲ್ಲವಾದಾಗ ತಟ್ಟೆಯಲ್ಲಿ ಏನು ಉಳಿಯಿತು ಎಂದು ಬಂದವರೆಲ್ಲ ಕೇಳಿದರು. ಉಳಿದದ್ದು ರಾಗಿ ಮುದ್ದೆ, ಸೊಪ್ಪಿನ ಸಾರು, ಎಳ್ಳಿನ ಚಟ್ನಿಪುಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ. ಅಷ್ಟೇ ಹಸುವಿನ ಹಾಲಿನಲ್ಲಿ ಸುಮಾರು 120. ಈ ನೆಲ ಹಾಲಿನ ನೆಲವಾಗುವುದಕ್ಕೂ ಮೊದಲು ರಾಗಿಯ ನೆಲ. ಆರು ತಿಂಗಳು ತುಂಬಿದ ಮೇಲೆ ಅಜ್ಜಿ ರಾಗಿ ನೆನೆಸಿ, ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ, ಹಿಂಡಿ ತೆಗೆದ ಹಾಲಿನಿಂದ ಸರಿ ಮಾಡಿದರು. ಹಸುವಿನ ಹಾಲಿಲ್ಲದೆ, ನೀರಿನಲ್ಲೇ. ಅದು ಹಾಲಿಗೆ ಬದಲಿಯಲ್ಲ, ಜೊತೆಗಿನ ಊಟ. ಆದರೆ ಅವತ್ತು ಮಗು ಚಪ್ಪರಿಸಿ ತಿಂದದ್ದನ್ನು ನೋಡಿ ಅಜ್ಜಿ ತಿಂಗಳುಗಳ ನಂತರ ನಕ್ಕರು.

ಈ ಅಲರ್ಜಿ ಬಹುಪಾಲು ಮಕ್ಕಳಲ್ಲಿ ಮೂರರಿಂದ ಐದು ವರ್ಷದೊಳಗೆ ಹೋಗುತ್ತದೆ. ನಮ್ಮ ಮಗುವಿಗೆ ಈಗ ಎರಡೂವರೆ. ಹಾಲು ಬೆರೆಸಿ ಬೇಯಿಸಿದ ಬಿಸ್ಕತ್ತು ವೈದ್ಯರ ಸಲಹೆಯಂತೆ ಒಗ್ಗತೊಡಗಿದೆ, ಹಸಿ ಹಾಲು ಇನ್ನೂ ಇಲ್ಲ. ಮೊನ್ನೆ ಊರಿಗೆ ಹೋದಾಗ ಅವಳು ಚನ್ನಪಟ್ಟಣದ ಗಿಲಕಿ ಕೈಯಲ್ಲಿ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಅಜ್ಜಿ ಹಾಲು ಕರೆಯುತ್ತಿದ್ದರು. ಕರು ಹಗ್ಗ ಜಗ್ಗುತ್ತಿತ್ತು. "ಇದು ಕರೂಂದು ಕಣವ್ವ, ನಿಂದಲ್ಲ" ಎಂದು ಅಜ್ಜಿ ಹೇಳಿದರು. ಹೇಳಿ, ಆ ಹೊತ್ತು ಒಂದು ಮೊಲೆ ಕರೆಯದೆ ಬಿಟ್ಟು, ಕರುವಿನ ಹಗ್ಗ ಬಿಚ್ಚಿದರು.